ಕಾಲೇಜಿನ ಪುಸ್ತಕಗಳೂ ಗೃಹಸ್ಥರ ಮಿತವ್ಯಯವೂ

ಮಕ್ಕಳನ್ನು ಕಾಲೇಜಿಗೆ ಸೇರಿಸಿದ ಗೃಹಸ್ಥರಿಗೆ ಒದಗುವ ವೆಚ್ಚಗಳಲ್ಲಿ ಪುಸ್ತಕದ ವೆಚ್ಚವು ಒಂದು ಬಗೆಯಲ್ಲಿ ವಿಲಕ್ಷಣವಾದುದು. ಶುಲ್ಕವನ್ನು ಗಡುವಿನೊಳಗೆ ಕಟ್ಟಲೇಬೇಕು, ಊಟವಸತಿಗಳನ್ನು ನಿಲ್ಲಿಸುವಂತಿಲ್ಲ, ಪುಸ್ತಕವನ್ನಾದರೋ ಮುಂದಿನ ತಿಂಗಳಿಗೆ ದೂಡಬಹುದು. ಹೀಗೆ ದೂಡುತ್ತ ಬಂದ ಮನೆಯ ಹುಡುಗನು ಪರೀಕ್ಷೆಯ ಹಿಂದಿನ ವಾರ ಅಗ್ಗದ ಗೈಡೊಂದನ್ನು ತಂದು ಕಂಠಪಾಠ ಮಾಡುವನು. ಇದರಿಂದ ಹಣ ಉಳಿದೀತು, ವಿದ್ಯೆ ಬಾರದು. ಪುಸ್ತಕವನ್ನು ಓದಿಯೂ ಹಣವನ್ನು ಉಳಿಸುವ ಮಾರ್ಗವನ್ನೇ ನಾವಿಲ್ಲಿ ವಿಚಾರಿಸತಕ್ಕದ್ದು.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ, ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಂಥ ಊರುಗಳಿಂದ ನಗರದ ಕಾಲೇಜುಗಳಿಗೆ ದಿನವೂ ಹೋಗಿಬರುವ ಮಕ್ಕಳ ಮನೆಗಳನ್ನು ಉದ್ದೇಶಿಸಿ ಹೇಳುತ್ತೇವೆ. ಲೆಕ್ಕಕ್ಕಾಗಿ ಸೆಮಿಸ್ಟರಿಗೆ 6 ಪುಸ್ತಕ, ಒಂದಕ್ಕೆ 300 ರೂಪಾಯಿ ಎಂದು ಹಿಡಿದರೆ, 6 ಸೆಮಿಸ್ಟರುಗಳಿಗೆ 10,800 ರೂಪಾಯಿ ಆಗುವುದು. ಒಂದೇ ಊರಿನ, ಒಂದೇ ತರಗತಿಯ ಮೂವರು ಎರಡೆರಡು ಪುಸ್ತಕಗಳನ್ನು ಕೊಂಡು ಸರದಿಯಿಂದ ಓದಿದರೆ ಮನೆಯೊಂದಕ್ಕೆ ಬೀಳುವುದು 3,600 ಮಾತ್ರ.

ಹಣದ ಚೀಲವನ್ನು ಬಿಚ್ಚುವ ಮುನ್ನ ಅಧ್ಯಾಪಕರನ್ನು ಕೇಳುವುದು ಮೊದಲನೆಯ ಕೆಲಸ. ಪಟ್ಟಿಯಲ್ಲಿರುವ ಪುಸ್ತಕಗಳಲ್ಲಿ ದಿನವೂ ಬೇಕಾದುದು ಯಾವುದು, ಒಂದೆರಡು ಅಧ್ಯಾಯಗಳಿಗಾಗಿ ಮಾತ್ರ ಬೇಕಾದುದು ಯಾವುದು ಎಂಬುದನ್ನು ಅವರೇ ಬಲ್ಲರು. ಪಠ್ಯಕ್ರಮದ ವರ್ಷವನ್ನೂ ತಿಳಿದುಕೊಳ್ಳಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ನಮ್ಮ ರಾಜ್ಯದ ಪದವಿ ತರಗತಿಗಳ ಪಠ್ಯಕ್ರಮವು 2021-22ರಲ್ಲಿ ಬದಲಾಯಿತು. 2024-25ರಲ್ಲಿ ಸರ್ಕಾರವು ಆ ವ್ಯವಸ್ಥೆಯನ್ನು ಬಿಟ್ಟುದರಿಂದ ಮತ್ತೆ ಬದಲಾಯಿತು. ಆದುದರಿಂದ ಅಕ್ಕನ ಪುಸ್ತಕವು ತಂಗಿಗೆ ಸಲ್ಲುವುದೆಂದು ನೋಡದೆ ನಂಬಬಾರದು. ಹಳೆಯ ಪುಸ್ತಕವನ್ನು ಕೊಳ್ಳುವಾಗಲೂ ಹೀಗೆಯೇ ಹೋಲಿಸಿ ನೋಡತಕ್ಕದ್ದು.

ಎರಡನೆಯದು ಗ್ರಂಥಾಲಯ. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಶಾಸನದ ಮೇರೆಗೆ ಮನೆಯ ಕಂದಾಯದೊಡನೆ ಗ್ರಂಥಾಲಯ ಕರವನ್ನು ಗೃಹಸ್ಥರು ತೆರುತ್ತಲೇ ಇರುವರು. ಕರವನ್ನು ತೆತ್ತು ಗ್ರಂಥಾಲಯದ ಮೆಟ್ಟಿಲನ್ನೇ ಹತ್ತದಿರುವುದು, ಬಾವಿಯನ್ನು ತೋಡಿಸಿ ನೀರನ್ನು ಕೊಂಡು ಕುಡಿದಂತೆ. ಕಾಲೇಜಿನ ಗ್ರಂಥಾಲಯದಲ್ಲಿಯಾದರೆ ಸೆಮಿಸ್ಟರಿನ ಮೊದಲ ವಾರದಲ್ಲೇ ಕೇಳಬೇಕು. ತಡಮಾಡಿದವನಿಗೆ ಬರಿಯ ಕಪಾಟು ಕಾಣುವುದು. ಖರಗ್‌ಪುರದ ಐ.ಐ.ಟಿ.ಯವರು ನಡೆಯಿಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಮೊಬೈಲಿನಲ್ಲಿಯೂ ತೆರೆಯಬಹುದು.

ಮೂರನೆಯದಾಗಿ, ಶಾಸನವೇ ಬಿಟ್ಟುಕೊಟ್ಟಿರುವ ಗ್ರಂಥಗಳುಂಟು. ನಮ್ಮ ದೇಶದಲ್ಲಿ ಲೇಖಕನು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಮಾತ್ರ ಕೃತಿಸ್ವಾಮ್ಯವು ಸಾಮಾನ್ಯವಾಗಿ ನಿಲ್ಲುವುದು. ಷೇಕ್ಸ್‌ಪಿಯರನ ನಾಟಕಗಳ ಮೂಲಪಾಠವಾಗಲಿ, 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಆಗಲಿ ಈಗ ಸರ್ವರ ಸೊತ್ತು. ಉಳಿದ ಗ್ರಂಥಗಳ ವಿಷಯದಲ್ಲಿ, ಬೋಧನೆಗೆ ಅವಶ್ಯವಾದ ಭಾಗಗಳನ್ನು ಪ್ರತಿಮಾಡಿ ವಿದ್ಯಾರ್ಥಿಗಳಿಗೆ ಕೊಡಬಹುದೆಂದು ದೆಹಲಿಯ ಉಚ್ಚ ನ್ಯಾಯಾಲಯವು 2016ರಲ್ಲಿ ತೀರ್ಪಿತ್ತಿತು. ಆದರೆ ಇಡೀ ಪುಸ್ತಕವನ್ನೇ ಕದ್ದು ಅಚ್ಚುಮಾಡಿ ಮಾರುವವರಿಗೆ ಈ ತೀರ್ಪು ರಕ್ಷೆಯಲ್ಲ. ಅಂಥ ಪ್ರತಿಯು ಅಗ್ಗವೆಂದು ಕೊಳ್ಳುವ ತಂದೆಯು ಮಗನಿಗೆ ಪಾಠವೊಂದನ್ನು ಮನೆಯಲ್ಲಿಯೇ ಕಲಿಸಿದಂತಾಯಿತು.

ಇಷ್ಟನ್ನು ಮಾಡಿದ ಮೇಲೆ ಉಳಿದ ಹಣದಿಂದ ಒಂದೆರಡು ಪುಸ್ತಕಗಳನ್ನು ಹೊಸದಾಗಿಯೇ ಕೊಳ್ಳಿರಿ. ಒಳ್ಳೆಯ ನಿಘಂಟು, ತಾನು ಆರಿಸಿಕೊಂಡ ಶಾಸ್ತ್ರದ ಮೂಲಗ್ರಂಥ, ಇವು ಪರೀಕ್ಷೆಯೊಡನೆ ಮುಗಿಯತಕ್ಕವಲ್ಲ. ಇವುಗಳನ್ನು ಮಾರಲೂ ಬೇಡಿರಿ. ಮಿಕ್ಕವುಗಳಿಗೆ ರಟ್ಟು ಹಾಕಿಸಿ, ಶಾಯಿಯ ಗೀಟುಗಳನ್ನು ಎಳೆಯದೆ ಓದಿ, ವರ್ಷಾಂತ್ಯದಲ್ಲಿ ನೆರೆಮನೆಯ ಮಗುವಿಗೆ ಅರ್ಧ ಬೆಲೆಗೋ ಬೆಲೆಯಿಲ್ಲದೆಯೋ ದಾಟಿಸಿರಿ. ಮಂಡಕಳ್ಳಿಯಂಥ ಊರಿನಲ್ಲಿ ನಾಲ್ಕು ಮನೆಗಳವರು ಈ ಪದ್ಧತಿಯನ್ನು ಹಿಡಿದರೂ ಸಾಕು, ಪುಸ್ತಕವಿಲ್ಲವೆಂಬ ಕಾರಣದಿಂದ ಗೈಡಿನ ಮೊರೆಹೊಗುವ ಹುಡುಗರು ಅಲ್ಲಿ ಕಡಮೆಯಾಗುವರು.