ಕಥೆ ಮುಗಿದ ಮೇಲೆ ತೆರೆಯುವ ನೆಲಮಾಳಿಗೆ

ವಿಡಿಯೊ ಗೇಮ್‌ಗಳಲ್ಲಿ ಆರ್‌ಪಿಜಿ ಎಂಬುದೊಂದು ಪ್ರಕಾರ. ಆಟಗಾರನು ಒಬ್ಬ ವೀರನ ಅಥವಾ ವೀರರ ತಂಡದ ಪಾತ್ರ ವಹಿಸಿ, ಕಾಳಗಗಳಿಂದ ಅನುಭವಾಂಕ ಗಳಿಸಿ, ಆ ಪಾತ್ರಗಳ ಬಲವನ್ನು ಹಂತಹಂತವಾಗಿ ಹೆಚ್ಚಿಸುತ್ತ ಕಥೆಯೊಂದನ್ನು ಕೊನೆಮುಟ್ಟಿಸುವುದು ಇದರ ಕ್ರಮ. ಗುಹೆ, ಪಾಳುಗೋಪುರ, ಕೋಟೆಯ ನೆಲಮಾಳಿಗೆ ಮುಂತಾದ ಅಪಾಯದ ತಾಣಗಳನ್ನೆಲ್ಲ ಈ ಆಟಗಳಲ್ಲಿ ಡಂಜನ್ ಎಂದೇ ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚಿನವನ್ನು ದಾಟದೆ ಕಥೆ ಮುಂದುವರಿಯದು. ಆದರೆ ಕಥೆಗೆ ಬೇಡವಾದ, ಯಾರೂ ದಾರಿ ಹೇಳದ, ಅನೇಕ ವೇಳೆ ಕೊನೆಯ ಖಳನನ್ನು ಸೋಲಿಸಿದ ಮೇಲಷ್ಟೇ ಬಾಗಿಲು ತೆರೆಯುವ ಇನ್ನೊಂದು ಡಂಜನ್ ಕೆಲವು ಆಟಗಳಲ್ಲಿರುತ್ತದೆ. ಬೋನಸ್ ಡಂಜನ್ ಎಂಬ ಹೆಸರಿನ ಈ ತಾಣದಲ್ಲಿ ಎದುರಾಗುವ ಶತ್ರುಗಳು ಆ ಕೊನೆಯ ಖಳನಿಗಿಂತಲೂ ಬಲಶಾಲಿಗಳಾಗಿರುತ್ತಾರೆ.

ಚಿಕ್ಕಬಳ್ಳಾಪುರ ಸೀಮೆಯವರಿಗೆ ಇದರ ಸ್ವರೂಪ ತೀರ ಅಪರಿಚಿತವೇನಲ್ಲ. ಚಿಂತಾಮಣಿ ತಾಲ್ಲೂಕಿಗೆ ಸೇರಿದ ಕೈವಾರವನ್ನು ಮಹಾಭಾರತದ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಕೊಂದದ್ದು ಆ ಬೆಟ್ಟಸಾಲಿನಲ್ಲೇ ಎಂದೂ ಸ್ಥಳಪುರಾಣ ಹೇಳುತ್ತದೆ. ದಾಯಾದಿಗಳ ರಾಜ್ಯದ ವ್ಯಾಜ್ಯಕ್ಕೂ ಬಕಾಸುರನಿಗೂ ನೇರ ಸಂಬಂಧವಿಲ್ಲ. ಭೀಮನು ಅನ್ನದ ಬಂಡಿ ಹೂಡಿಕೊಂಡು ಹೊರಡದಿದ್ದರೂ ಕುರುಕ್ಷೇತ್ರದ ಯುದ್ಧ ತಪ್ಪುತ್ತಿರಲಿಲ್ಲ. ಆದರೂ ಜನ ಆ ಪ್ರಸಂಗವನ್ನು ಬಿಟ್ಟುಕೊಟ್ಟಿಲ್ಲ, ಏಕೆಂದರೆ ರಾಜ್ಯ, ಶಪಥ, ಸೇಡುಗಳ ಹಂಗಿಲ್ಲದೆ ಭೀಮನ ಬಲವೊಂದೇ ಅಲ್ಲಿ ಪರೀಕ್ಷೆಗೆ ನಿಲ್ಲುತ್ತದೆ. ಬೋನಸ್ ಡಂಜನ್‌ನ ಕೆಲಸವೂ ಅದೇ: ಪಾತ್ರದ ವಿಧಿ ಏನಾಯಿತೆಂಬುದನ್ನು ಕಥೆ ಆಗಲೇ ಹೇಳಿ ಮುಗಿಸಿರುತ್ತದೆ, ಅದರ ಬಲ ಎಲ್ಲಿಯವರೆಗೆ ಮುಟ್ಟಬಲ್ಲದೆಂಬುದನ್ನು ಈ ತಾಣ ತೋರಿಸುತ್ತದೆ.

ಇದರ ಬೇರು ಹಳೆಯದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ರೂಪಿಸಿ 1981ರಲ್ಲಿ ಹೊರತಂದ ವಿಝರ್ಡ್ರಿ ಎಂಬ ಆಟದಲ್ಲಿ ಭೂಮಿಯ ಕೆಳಗೆ 10 ಅಂತಸ್ತುಗಳ ಒಂದೇ ಡಂಜನ್ ಇತ್ತು. ನಾಲ್ಕನೆಯ ಅಂತಸ್ತಿನಲ್ಲಿ ಕಾವಲುಗಾರರನ್ನು ಗೆದ್ದವರಿಗೆ ಒಂಬತ್ತನೆಯದಕ್ಕೆ ನೇರವಾಗಿ ಇಳಿಸುವ ಲಿಫ್ಟ್ ದೊರೆಯುತ್ತಿದ್ದುದರಿಂದ, ನಡುವಿನ ನಾಲ್ಕು ಅಂತಸ್ತುಗಳಿಗೆ ಕಾಲಿಡದೆಯೇ ಆಟವನ್ನು ಗೆಲ್ಲಬಹುದಿತ್ತು. ಅವು ಗುಪ್ತವಾಗಿರಲಿಲ್ಲ, ಅನಿವಾರ್ಯವೂ ಆಗಿರಲಿಲ್ಲ. ಆ ಆಟವನ್ನು ಮೆಚ್ಚಿದ್ದ ಜಪಾನಿನ ಯೂಜಿ ಹೊರಿಯಿ 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಸರಣಿಯನ್ನು ಆರಂಭಿಸಿದರು. ಕಥೆ ಮುಗಿದ ಮೇಲೆ ತೆರೆಯುವ ಗುಪ್ತ ಗುಹೆ ಆ ಸರಣಿಗೆ ಬಂದದ್ದು 1992ರ ಐದನೆಯ ಆಟದಲ್ಲಿ; ನಾಲ್ಕನೆಯ ಆಟದಲ್ಲಿ ಕಾಣಿಸಿಕೊಂಡಿದ್ದ ಎಸ್ಟಾರ್ಕ್ ಎಂಬ ದೈತ್ಯ ಆ ಗುಹೆಯ ತಳದಲ್ಲಿ ಆಟಗಾರನಿಗೆ ಮತ್ತೆ ಎದುರಾಗುತ್ತಾನೆ.

1995ರ ಆರನೆಯ ಆಟ ಇನ್ನೂ ಧೀರವಾದ ಹೆಜ್ಜೆಯಿಟ್ಟಿತು. ಗುಪ್ತ ಡಂಜನ್‌ನ ಒಡೆಯನಾದ ದಾನವನನ್ನು 20 ಸುತ್ತುಗಳೊಳಗೆ ಸೋಲಿಸಿದರೆ, ಅವನು ಆಟಗಾರನ ಪರವಾಗಿ ಹೊರಟು, ಇಡೀ ಕಥೆ ಯಾರ ಭಯದಲ್ಲಿ ನಡೆದಿತ್ತೋ ಆ ಮುಖ್ಯ ಖಳನನ್ನೇ ಸುಲಭವಾಗಿ ಸದೆಬಡಿಯುತ್ತಾನೆ, ಆಟವೂ ಬೇರೊಂದು ರೀತಿಯಲ್ಲಿ ಮುಕ್ತಾಯವಾಗುತ್ತದೆ. ಕಥೆಯ ಅಳತೆಗೋಲೂ ಆಟದ ನಿಯಮಗಳ ಅಳತೆಗೋಲೂ ಬೇರೆಬೇರೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಆಟಗಳು ವಿರಳ.

ಈ ಎರಡು ಅಳತೆಗೋಲುಗಳ ನಡುವಿನ ಅಂತರವೇ ಬೋನಸ್ ಡಂಜನ್ ಹುಟ್ಟುವುದಕ್ಕೆ ಮುಖ್ಯ ಕಾರಣ. ಕಥೆಯನ್ನು ಹತ್ತು ವರ್ಷದ ಮಗುವೂ, ದಿನಕ್ಕೆ ಅರ್ಧ ಗಂಟೆ ಮಾತ್ರ ಆಡುವ ನೌಕರನೂ ಮುಗಿಸುವಂತಿರಬೇಕಾದ್ದರಿಂದ ಕೊನೆಯ ಖಳನ ಬಲವನ್ನು ಸಾಮಾನ್ಯ ಆಟಗಾರನಿಗೆ ಹೊಂದುವಂತೆ ನಿಗದಿಪಡಿಸುತ್ತಾರೆ. ಮಂತ್ರ, ಆಯುಧ, ಕವಚಗಳನ್ನು ಜೋಡಿಸುವ ನೂರಾರು ಬಗೆಗಳನ್ನು ತಯಾರಕರು ರೂಪಿಸಿರುತ್ತಾರಾದರೂ ಅವುಗಳ ಹತ್ತರಲ್ಲೊಂದು ಪಾಲು ಗೊತ್ತಿದ್ದರೂ ಕಥೆ ಮುಗಿದುಹೋಗುತ್ತದೆ. ಉಳಿದ ಜಾಣ್ಮೆಗೆಲ್ಲ ಒಂದು ಕಣ ಬೇಕು. ಆ ಕಣವನ್ನು ಮರೆಯಲ್ಲಿಡುವುದೂ ಉಚಿತವೇ, ಏಕೆಂದರೆ ಕಥೆಗಷ್ಟೇ ಬಂದವರು ಏನನ್ನೋ ಅರ್ಧಕ್ಕೆ ಬಿಟ್ಟೆವೆಂಬ ಕೊರಗಿಲ್ಲದೆ ಎದ್ದುಹೋಗಬಹುದು.

1995ರಲ್ಲೇ ಬಂದ ಲುಫಿಯಾ ಸರಣಿಯ ಎರಡನೆಯ ಆಟ ಬೇರೆ ದಾರಿ ಹಿಡಿಯಿತು. ಅದರ 99 ಅಂತಸ್ತುಗಳ ಪುರಾತನ ಗುಹೆಯನ್ನು ಹೊಕ್ಕವರು ಗಳಿಸಿದ ಬಲವನ್ನೆಲ್ಲ ಹೊರಗಿಟ್ಟು ಮೊದಲ ಹಂತದಿಂದಲೇ ಶುರುಮಾಡಬೇಕು. ಅಂತಸ್ತುಗಳ ವಿನ್ಯಾಸವೂ ಪ್ರತಿ ಸಲ ಹೊಸದಾಗಿ ರಚನೆಯಾಗುತ್ತದೆ. ಕೂಡಿಟ್ಟ ಬಲಕ್ಕೆ ಬದಲಾಗಿ ಕಲಿತ ವಿವೇಕವನ್ನು ಪರೀಕ್ಷಿಸುವ ಈ ಬಗೆಯೇ ಶ್ರೇಷ್ಠವೆನ್ನಬೇಕು. ಹಳೆಯ ಗುಹೆಗಳಿಗೆ ಬಣ್ಣ ಬದಲಿಸಿ, ಹಳೆಯ ಶತ್ರುಗಳ ಅಂಕಿಗಳನ್ನಷ್ಟೇ ಹಿಗ್ಗಿಸಿ ಇಡುವ ಬೋನಸ್ ಡಂಜನ್‌ಗಳು ಆಟಗಾರನ ಸಮಯಕ್ಕೆ ಮರ್ಯಾದೆ ಕೊಡುವುದಿಲ್ಲ.

ಹಳೆಯ ಆಟಗಳನ್ನು ಹೊಸ ಯಂತ್ರಗಳಿಗೆ ಮರುಮುದ್ರಿಸುವಾಗ ಇಂತಹ ಡಂಜನ್‌ಗಳನ್ನು ಸೇರಿಸುವುದು ವ್ಯಾಪಾರದ ರೂಢಿಯೂ ಆಯಿತು. 1994ರ ಫೈನಲ್ ಫ್ಯಾಂಟಸಿಯ ಆರನೆಯ ಆಟದ ಕಾರ್ಟ್ರಿಜ್‌ನಲ್ಲಿ ಘಟಸರ್ಪವೊಂದರ ಮಾಹಿತಿ ಉಳಿದುಕೊಂಡಿತ್ತು, ಆದರೆ ಆಟದೊಳಗೆ ಅದು ಎಲ್ಲಿಯೂ ಎದುರಾಗುತ್ತಿರಲಿಲ್ಲ. 2006ರ ಮರುಮುದ್ರಣದಲ್ಲಿ ಘಟಸರ್ಪಗಳ ಗವಿಯೆಂಬ ಹೊಸ ಡಂಜನ್ ಕಟ್ಟಿ, ಆ ಪ್ರಾಣಿಗೆ ಅಲ್ಲಿ ಕೈಸರ್ ಡ್ರ್ಯಾಗನ್ ಎಂಬ ಹೆಸರಿನಲ್ಲಿ ನೆಲೆ ಕೊಟ್ಟರು. ಕೈಬಿಟ್ಟ ಕೆಲಸವೊಂದು ಹನ್ನೆರಡು ವರ್ಷಗಳ ಬಳಿಕ ಹೀಗೆ ಪೂರ್ಣಗೊಂಡದ್ದು ವ್ಯಾಪಾರದ ಲೆಕ್ಕವನ್ನು ಮೀರಿದ ಸಂಗತಿ.

ಕರ್ನಾಟಕದಲ್ಲಿ ವಿಡಿಯೊ ಗೇಮ್ ಉದ್ಯಮ 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್‌ಆಕ್ಟಿವ್‌ನ ಕಾಲದಿಂದಲೂ ಇದೆ. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಪಾಲಾದ ಆ ಕಂಪನಿಯ ಕಲಾವಿದರು ಬಹುಕಾಲ ದುಡಿದದ್ದು ವಿದೇಶಿ ಆಟಗಳ ಲೋಕಗಳಿಗೆ ರೂಪ ಕೊಡುವುದಕ್ಕೆ. ನಮ್ಮದೇ ಲೋಕವೊಂದನ್ನು ಕಟ್ಟುವುದಾದರೆ, ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಗುಡಿಬಂಡೆಯ ಕೋಟೆ ಬೋನಸ್ ಡಂಜನ್ ಇರುವ ಆಟಕ್ಕೆ ಹೇಳಿಮಾಡಿಸಿದಂತಿದೆ. ಪಾಳೆಯಗಾರ ಬೈರೇಗೌಡನು ಕಟ್ಟಿಸಿದನೆನ್ನುವ ಆ ಕೋಟೆ ಒಂದೇ ಬಂಡೆಯ ಬೆಟ್ಟದ ಮೇಲೆ ಸುತ್ತುಸುತ್ತಾಗಿ ಏರುತ್ತದೆ, ಮಳೆನೀರು ಹಿಡಿದಿಡುವ ಕೊಳಗಳು ಕಲ್ಲಿನ ನಡುವೆ ಅಲ್ಲಲ್ಲಿ ಇವೆ. ಮಳೆಗಾಲದಲ್ಲಿ ಮುಳುಗಿದ್ದು ಬೇಸಿಗೆಯಲ್ಲಿ ಮಾತ್ರ ಹೊರಬೀಳುವ ಬಾಗಿಲೊಂದನ್ನು ಕನ್ನಡದ ತಯಾರಕನೊಬ್ಬ ಅಂತಹ ಕೊಳದ ತಳದಲ್ಲಿಟ್ಟರೆ, ಅದನ್ನು ಹುಡುಕಲು ಆಟಗಾರನು ಆಟದೊಳಗಿನ ಋತುಗಳನ್ನು ಗಮನಿಸುವುದನ್ನೂ ಕಲಿಯಬೇಕಾಗುತ್ತದೆ.