ಶಾಸಕರಿಗೆ ಬರೆದ ಪತ್ರ ಯಾರ ಮೇಜಿಗೆ ಹೋಗುತ್ತದೆ?

ಶಾಸಕರಿಗೋ ಸಂಸದರಿಗೋ ಬರೆಯುವ ಮನವಿ ಪತ್ರಕ್ಕೆ ಇಬ್ಬರು ಓದುಗರಿರುತ್ತಾರೆ. ಮೊದಲನೆಯವರು ಜನಪ್ರತಿನಿಧಿ, ಅಥವಾ ಅವರ ಪರವಾಗಿ ಟಪಾಲು ತೆರೆಯುವ ಆಪ್ತ ಸಹಾಯಕರು. ಎರಡನೆಯವರು ಆ ಪತ್ರ ಕೊನೆಗೆ ಯಾರ ಮೇಜಿಗೆ ಹೋಗಿ ಸೇರುತ್ತದೋ ಆ ಅಧಿಕಾರಿ. ಅವರು ತಹಶೀಲ್ದಾರರಿರಬಹುದು, ಕಾರ್ಯಪಾಲಕ ಎಂಜಿನಿಯರ್ ಇರಬಹುದು, ಕ್ಷೇತ್ರ ಶಿಕ್ಷಣಾಧಿಕಾರಿ ಇರಬಹುದು, ಬಸ್ ಡಿಪೋದ ವ್ಯವಸ್ಥಾಪಕರೂ ಇರಬಹುದು. ಬಹಳಷ್ಟು ಮನವಿಗಳು ಮೊದಲನೆಯವರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಹಾಗಾಗಿ ಅವು ಶಾಸಕರ ಕೈ ಸೇರುತ್ತವೆ, ಅಲ್ಲಿಂದ ಮುಂದೆ ಹೋಗುವುದಿಲ್ಲ.

ಜನಪ್ರತಿನಿಧಿಯ ಅಧಿಕಾರ ಎಂಥದ್ದು ಎಂಬುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಮಂತ್ರಿಯಲ್ಲದ ಶಾಸಕರು ಯಾವ ಇಲಾಖೆಗೂ ಆದೇಶ ಹೊರಡಿಸಲಾರರು, ಯಾವ ಕಾಮಗಾರಿಗೂ ಮಂಜೂರಾತಿ ಕೊಡಲಾರರು. ಅವರು ಶಿಫಾರಸು ಮಾಡಬಹುದು, ಸದನದಲ್ಲಿ ಪ್ರಶ್ನೆ ಕೇಳಬಹುದು, ಅಧಿಕಾರಿಗಳನ್ನು ಸಭೆಗೆ ಕರೆದು ಉತ್ತರ ಪಡೆಯಬಹುದು. ಅವರ ಹೆಸರಿನಲ್ಲಿರುವ ಹಣದ ವಿಷಯದಲ್ಲೂ ಹೀಗೆಯೇ. ಕರ್ನಾಟಕದ ಶಾಸಕರಿಗೆ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರಿಗೆ 1993ರಲ್ಲಿ ಆರಂಭವಾದ ಇಂಥದ್ದೇ ಯೋಜನೆಯಲ್ಲಿ ವರ್ಷಕ್ಕೆ 5 ಕೋಟಿ ರೂಪಾಯಿ ನಿಗದಿಯಾಗಿದೆ. ಯಾವ ಕಾಮಗಾರಿ ಆಗಬೇಕೆಂದು ಅವರು ಸೂಚಿಸುತ್ತಾರೆ. ನಿಯಮಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸಿ ಮಂಜೂರು ಮಾಡುವುದು ಜಿಲ್ಲಾಡಳಿತ. ಸಂಸದರ ನಿಧಿ ಸಾರ್ವಜನಿಕ ಬಳಕೆಯ ಬಾಳಿಕೆ ಬರುವ ಆಸ್ತಿಗಳಿಗೆ ಮೀಸಲು. ಪೂಜಾಸ್ಥಳದ ಕಟ್ಟಡಕ್ಕಾಗಲಿ ಒಬ್ಬ ವ್ಯಕ್ತಿಯ ಲಾಭಕ್ಕಾಗಲಿ ಅದನ್ನು ಬಳಸುವಂತಿಲ್ಲ. ದೇವಸ್ಥಾನದ ಮಂಟಪಕ್ಕೆ ಸಂಸದರ ನಿಧಿ ಕೇಳುವ ಪತ್ರ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ.

ಯಾರಿಗೆ ಬರೆಯಬೇಕು ಎಂಬುದು ಮುಂದಿನ ಪ್ರಶ್ನೆ. ಎಲ್ಲದಕ್ಕೂ ಶಾಸಕರ ಮನೆ ಬಾಗಿಲಿಗೆ ಹೋಗುವುದು ರೂಢಿಯಾಗಿಬಿಟ್ಟಿದೆ. ಬೀದಿ ದೀಪ, ಚರಂಡಿ, ಕುಡಿಯುವ ನೀರಿನ ನಲ್ಲಿಗಳು ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಸದಸ್ಯರ ವ್ಯಾಪ್ತಿಗೆ ಬರುತ್ತವೆ. ಹಳ್ಳಿಯಲ್ಲಾದರೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸುವುದು ಪತ್ರಕ್ಕಿಂತ ಗಟ್ಟಿ. ರಾಜ್ಯ ಹೆದ್ದಾರಿ, ಸರ್ಕಾರಿ ಶಾಲೆ, ತಾಲ್ಲೂಕು ಆಸ್ಪತ್ರೆ, ಸಾರಿಗೆ ಬಸ್ಸು, ವಿದ್ಯುತ್, ಜಮೀನಿನ ದಾಖಲೆ ಇವು ರಾಜ್ಯ ಸರ್ಕಾರದ ವಿಷಯಗಳಾದ್ದರಿಂದ ಶಾಸಕರಿಗೆ ಬರೆಯಬೇಕು. ರೈಲು, ಅಂಚೆ, ಪಾಸ್‌ಪೋರ್ಟ್, ರಾಷ್ಟ್ರೀಯ ಹೆದ್ದಾರಿಗಳಿಗೆ ಸಂಸದರು. ವಿಧಾನಸಭೆಯ 224 ಸದಸ್ಯರನ್ನು ಜನ ಮರೆಯುವುದಿಲ್ಲ, ವಿಧಾನ ಪರಿಷತ್ತಿನ 75 ಮಂದಿಯನ್ನು ಮರೆಯುತ್ತಾರೆ. ಅವರಲ್ಲಿ 7 ಮಂದಿ ಶಿಕ್ಷಕರ ಕ್ಷೇತ್ರಗಳಿಂದ, 7 ಮಂದಿ ಪದವೀಧರರ ಕ್ಷೇತ್ರಗಳಿಂದ, 25 ಮಂದಿ ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾದವರು. ಶಿಕ್ಷಕರ ವೇತನ ಅಥವಾ ಪಿಂಚಣಿಯ ತಕರಾರು ಶಿಕ್ಷಕರ ಕ್ಷೇತ್ರದ ಸದಸ್ಯರ ಬಳಿ ಹೋದರೆ ಅದನ್ನು ಬಲ್ಲವರ ಕೈಗೇ ಹೋದಂತೆ. ಕೆಲವೊಮ್ಮೆ ಸ್ಥಳೀಯ ಮಟ್ಟದಲ್ಲಿ ಬರೆಯಲು ಚುನಾಯಿತರೇ ಇರುವುದಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅಂಥಲ್ಲಿ ಆಡಳಿತಾಧಿಕಾರಿಗೆ ಬರೆದು ಪ್ರತಿಯನ್ನು ಶಾಸಕರಿಗೆ ಕಳಿಸುವುದೇ ದಾರಿ.

ಪತ್ರದ ನಮೂನೆ ಶಾಲೆಯಲ್ಲಿ ಕಲಿತದ್ದೇ. ಇಂದ, ಗೆ, ದಿನಾಂಕ, ವಿಷಯ, ಉಲ್ಲೇಖ, ಒಡಲು, ಸಹಿ, ಲಗತ್ತುಗಳ ಪಟ್ಟಿ. ಇವುಗಳಲ್ಲಿ ‘ವಿಷಯ’ದ ಸಾಲಿಗೆ ಹೆಚ್ಚು ಬೆಲೆ, ಏಕೆಂದರೆ ಟಪಾಲು ವಿಂಗಡಿಸುವವರು ಓದುವುದು ಬಹುಮಟ್ಟಿಗೆ ಅದೊಂದನ್ನೇ. ಒಂದು ಕಾಲ್ಪನಿಕ ಊರನ್ನು ತೆಗೆದುಕೊಳ್ಳಬಹುದು. ‘ವಿಷಯ: ಗ್ರಾಮದ ಸಾರಿಗೆ ಸಮಸ್ಯೆ ಬಗೆಹರಿಸುವ ಬಗ್ಗೆ’ ಎಂದು ಬರೆದರೆ ಪತ್ರ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ರಸ್ತೆಯ ಸಮಸ್ಯೆಯೋ, ಬಸ್ಸಿನದೋ? ‘ವಿಷಯ: ಬೆಳಿಗ್ಗೆ 7.30ರ ಸಾರಿಗೆ ಬಸ್ಸನ್ನು ಕೈಮರದಿಂದ ನಮ್ಮ ಊರಿನ ತನಕ 3 ಕಿ.ಮೀ. ವಿಸ್ತರಿಸುವ ಬಗ್ಗೆ’ ಎಂದಿದ್ದರೆ ಆಪ್ತ ಸಹಾಯಕರು ಅದನ್ನು ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳಿಸಬೇಕೆಂದು ಆ ಕ್ಷಣವೇ ತೀರ್ಮಾನಿಸಬಲ್ಲರು.

ಅದೇ ಪತ್ರದ ಒಡಲು ಇಷ್ಟಿದ್ದರೆ ಸಾಕು: ‘ನಮ್ಮ ಊರಿನಿಂದ 42 ಮಕ್ಕಳು ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಹೋಗುತ್ತಾರೆ. ಬೆಳಗಿನ ಬಸ್ಸು ಕೈಮರದ ತನಕ ಬಂದು ಹಿಂದಿರುಗುತ್ತದೆ. ಅಲ್ಲಿಗೆ ಮಕ್ಕಳು 3 ಕಿ.ಮೀ. ನಡೆಯಬೇಕು. ಊರಿನ ತನಕ ಡಾಂಬರು ರಸ್ತೆ ಇದೆ, ಪಂಚಾಯಿತಿ ಕಚೇರಿಯ ಮುಂದೆ ಬಸ್ಸು ತಿರುಗಿಸಲು ಜಾಗವಿದೆ. ಈ ಒಂದು ಟ್ರಿಪ್ಪನ್ನು ಊರಿನ ತನಕ ಓಡಿಸುವಂತೆ ಸಾರಿಗೆ ಸಂಸ್ಥೆಗೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ.’ ಇಲ್ಲಿ ಮುಖ್ಯವಾದದ್ದು ನಾಲ್ಕನೆಯ ವಾಕ್ಯ. ರಸ್ತೆ ಸರಿಯಿಲ್ಲ, ಬಸ್ಸು ತಿರುಗಿಸಲು ಜಾಗವಿಲ್ಲ ಎಂಬುದು ಡಿಪೋದಿಂದ ಸಹಜವಾಗಿ ಬರುವ ಆಕ್ಷೇಪಣೆ. ಅದಕ್ಕೆ ಪತ್ರದಲ್ಲೇ ಉತ್ತರವಿದೆ. ಮಕ್ಕಳ ಹೆಸರು, ತರಗತಿಯ ಪಟ್ಟಿಯನ್ನು ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಲಗತ್ತಿಸಿದರೆ ಸಂಖ್ಯೆಯ ಬಗ್ಗೆಯೂ ಅನುಮಾನ ಉಳಿಯುವುದಿಲ್ಲ. ಜಮೀನಿನ ವಿಷಯವಾದರೆ ಸರ್ವೆ ನಂಬರ್ ಮತ್ತು ಪಹಣಿಯ ಪ್ರತಿ, ವಿದ್ಯುತ್ತಿನ ವಿಷಯವಾದರೆ ಆರ್‌.ಆರ್. ಸಂಖ್ಯೆ, ಹಿಂದೆ ಕೊಟ್ಟ ಅರ್ಜಿಯಿದ್ದರೆ ಅದರ ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ. ಮೂಲ ದಾಖಲೆಗಳನ್ನು ಮಾತ್ರ ಯಾರಿಗೂ ಕೊಡಬಾರದು.

ಒಂದು ಪತ್ರಕ್ಕೆ ಒಂದೇ ವಿಷಯವಿರಬೇಕು. ಬಸ್ಸು, ಶಾಲೆಯ ಹೆಂಚು, ವಿಧವಾ ವೇತನ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅದು ಮೂರು ಇಲಾಖೆಗಳಿಗೆ ಹೋಗಬೇಕಾದ ಕಾಗದ. ಮೊದಲ ಇಲಾಖೆಯಲ್ಲೇ ಅದು ನಿಂತುಬಿಡುತ್ತದೆ.

ಕೋರಿಕೆಯ ವಾಕ್ಯದಲ್ಲಿ ಬಹುಪಾಲು ಮನವಿಗಳು ಸೋಲುತ್ತವೆ. ‘ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಪ್ರಾರ್ಥನೆ’ ಎಂದು ಮುಗಿಸಿದ ಪತ್ರಕ್ಕೆ ಶಾಸಕರ ಕಚೇರಿ ‘ನಿಯಮಾನುಸಾರ ಕ್ರಮ ವಹಿಸುವುದು’ ಎಂದು ಷರಾ ಬರೆಯುತ್ತದೆ, ಇಲಾಖೆ ‘ಪರಿಶೀಲನೆಯಲ್ಲಿದೆ’ ಎಂದು ಹಿಂಬರಹ ಕೊಡುತ್ತದೆ. ಮೂರೂ ಕಡೆಯವರು ತಮ್ಮ ಕೆಲಸ ಮಾಡಿದರು, ಆದರೆ ಏನೂ ಆಗಲಿಲ್ಲ. ಏನು, ಎಲ್ಲಿ, ಯಾರಿಂದ ಆಗಬೇಕು ಎಂದು ಬರೆದರೆ ಹೀಗೆ ನುಣುಚಿಕೊಳ್ಳುವುದು ಕಷ್ಟ. ಜನಪ್ರತಿನಿಧಿ ಮಾಡಲಾಗದ್ದನ್ನು ಕೇಳುವುದೂ ಅಷ್ಟೇ ನಿಷ್ಫಲ. ನ್ಯಾಯಾಲಯದಲ್ಲಿರುವ ವ್ಯಾಜ್ಯ ಅಥವಾ ಪೊಲೀಸ್ ತನಿಖೆಯಲ್ಲಿ ಕೈ ಹಾಕಿ ಎಂಬ ಕೋರಿಕೆಯನ್ನು ಎಚ್ಚರವಿರುವ ಜನಪ್ರತಿನಿಧಿ ಮುಟ್ಟುವುದಿಲ್ಲ, ಮುಟ್ಟಲೂಬಾರದು.

ಭಾಷೆಯ ಬಗ್ಗೆ ಅಂಜಿಕೆ ಬೇಡ. ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕಾಸರಗೋಡಿನ ಕನ್ನಡಿಗರು ಕನ್ನಡದಲ್ಲಿ ಅರ್ಜಿ ಕೊಟ್ಟರೆ ಭಾಷೆಯ ಕಾರಣ ಹೇಳಿ ಹಿಂದಿರುಗಿಸುವಂತಿಲ್ಲ. ಇನ್ನು ಶೈಲಿ. ಹೊಗಳಿಕೆಯ ಹಾರ ಹಾಕಿ ಆರಂಭಿಸುವ ಪತ್ರಗಳಲ್ಲಿ ‘ಬಡವರ ಬಂಧು, ಅಭಿವೃದ್ಧಿಯ ಹರಿಕಾರ’ ಎಂಬ ವಿಶೇಷಣಗಳಿಗೇ ಅರ್ಧ ಪುಟ ಹೋಗಿರುತ್ತದೆ. ಬೈಗುಳದ ಪತ್ರಗಳು ಇದಕ್ಕಿಂತ ಪ್ರಾಮಾಣಿಕ, ಆದರೆ ಉಪಯೋಗ ಅಷ್ಟೇ. ಎರಡನ್ನೂ ಇಲಾಖೆಗೆ ಕಳಿಸಲು ಆಪ್ತ ಸಹಾಯಕರಿಗೆ ಮುಜುಗರ. ‘ಮಾನ್ಯರೇ’ ಎಂಬ ಸಂಬೋಧನೆ, ಬಹುವಚನದ ಗೌರವ, ಒಂದು ಪುಟದೊಳಗೆ ಮುಗಿಯುವ ಸರಳ ಕನ್ನಡ ಸಾಕು. ಕೈಬರಹವಾದರೂ ಅಡ್ಡಿಯಿಲ್ಲ, ಓದುವಂತಿರಬೇಕು.

ಹೆಸರು, ಪೂರ್ಣ ವಿಳಾಸ, ದೂರವಾಣಿ ಸಂಖ್ಯೆ ಇಲ್ಲದ ಪತ್ರವನ್ನು ಮುಂದಕ್ಕೆ ಕಳಿಸಲು ಯಾರಿಗೂ ಉತ್ಸಾಹವಿರುವುದಿಲ್ಲ. ಬರೆದವರು ಅದೇ ಕ್ಷೇತ್ರದವರೆಂದು ವಿಳಾಸದಿಂದ ಗೊತ್ತಾಗುವುದರಲ್ಲಿ ಇನ್ನೊಂದು ಲಾಭವಿದೆ: ಅವರು ಮತದಾರರು. ಊರಿನ ಸಮಸ್ಯೆಗೆ ಸಾಮೂಹಿಕ ಸಹಿ ಒಳ್ಳೆಯದೇ. ಆದರೆ ಹಾಳೆಗಟ್ಟಲೆ ಸಹಿಗಳಿಗಿಂತ ಹೆಸರು, ಮನೆಯ ವಿಳಾಸ ಸಹಿತವಾದ 20 ಸಹಿಗಳಿಗೆ ಹೆಚ್ಚು ತೂಕ. ಗ್ರಾಮ ಪಂಚಾಯಿತಿಯ ಠರಾವು, ಹಾಲು ಉತ್ಪಾದಕರ ಸಂಘದ ಅಥವಾ ಸ್ತ್ರೀಶಕ್ತಿ ಗುಂಪಿನ ಪತ್ರ ಜೊತೆಗಿದ್ದರೆ ಇನ್ನೂ ಗಟ್ಟಿ. ಅಚ್ಚು ಹಾಕಿಸಿ ಹಂಚಿದ ಒಂದೇ ಒಕ್ಕಣೆಯ ನೂರು ಪತ್ರಗಳನ್ನು ಮಾತ್ರ ಒಂದೇ ಪತ್ರವೆಂದು ಎಣಿಸಲಾಗುತ್ತದೆ.

ಪತ್ರ ಯಾವಾಗ ತಲುಪುತ್ತದೆ ಎಂಬುದೂ ಮುಖ್ಯ. ತಾಲ್ಲೂಕು ಮಟ್ಟದಲ್ಲಿ ಮೂರು ತಿಂಗಳಿಗೊಮ್ಮೆ ನಡೆಯಬೇಕಾದ ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಗೆ, ಶಾಸಕರೇ ಅಧ್ಯಕ್ಷರು. ಆ ದಿನ ತಾಲ್ಲೂಕಿನ ಎಲ್ಲ ಇಲಾಖೆಗಳ ಅಧಿಕಾರಿಗಳು ಅವರ ಎದುರು ಕೂತಿರುತ್ತಾರೆ. ಸಭೆಗೆ ಒಂದು ವಾರ ಮೊದಲು ಕೈ ಸೇರಿದ ಪತ್ರ ಅಲ್ಲಿ ಪ್ರಶ್ನೆಯಾಗುವ ಸಾಧ್ಯತೆ ಹೆಚ್ಚು. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ‘ದಿಶಾ’ ಸಮಿತಿಯ ಅಧ್ಯಕ್ಷರು ಸಂಸದರು. ಅಧಿವೇಶನದ ಲೆಕ್ಕ ಬೇರೆ. ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಸದಸ್ಯರು ಕನಿಷ್ಠ 15 ದಿನ ಮೊದಲು ಸೂಚನೆ ಕೊಡಬೇಕು. ಒಂದು ದಿನದ ಪಟ್ಟಿಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗಳು 20, ಲಿಖಿತ ಉತ್ತರದವು 230. ಆದ್ದರಿಂದ ಪ್ರಶ್ನೆಯ ಸಲಹೆ ಅಧಿವೇಶನ ಆರಂಭವಾಗುವುದಕ್ಕೆ ಒಂದು ತಿಂಗಳ ಮೊದಲೇ ತಲುಪಿರಬೇಕು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರಿದಾಗ ಹೊರಗೆ ಮನವಿ ಹಿಡಿದು ನಿಂತವರ ಸಾಲು ದೊಡ್ಡದು. ಅಷ್ಟರಲ್ಲಿ ಸದನದ ಪ್ರಶ್ನೆಗಳ ಸೂಚನೆ ಕೊಟ್ಟಾಗಿರುತ್ತದೆ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವಾಗ ಹೊಸ ಕಾಮಗಾರಿ ಕೇಳುವುದರಲ್ಲಿ ಅರ್ಥವಿಲ್ಲ.

ಕಾನೂನು, ಮಸೂದೆಗಳ ಬಗ್ಗೆ ಬರೆಯುವ ಪತ್ರ ಬೇರೆಯದೇ ಬಗೆ. ಅಮೆರಿಕದಲ್ಲಿ ಮತದಾರರು ತಮ್ಮ ಪ್ರತಿನಿಧಿಗೆ ‘ಈ ಮಸೂದೆಗೆ ವಿರುದ್ಧವಾಗಿ ಮತ ಹಾಕಿ’ ಎಂದು ಬರೆಯುವುದುಂಟು. ಅಲ್ಲಿ ಸದಸ್ಯರು ಪಕ್ಷದ ನಿಲುವು ಬಿಟ್ಟು ಮತ ಹಾಕಿದರೆ ಸ್ಥಾನಕ್ಕೆ ಕುತ್ತಿಲ್ಲ. ಭಾರತದಲ್ಲಿ 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿದ ಮೇಲೆ, ವಿಪ್ ಮೀರಿ ಮತ ಹಾಕಿದ ಸದಸ್ಯರು ಅನರ್ಹರಾಗಬಹುದು. ಹಾಗಾಗಿ ಇಲ್ಲಿ ಮತವನ್ನೇ ಕೇಳುವುದಕ್ಕಿಂತ ಬೇರೆ ಮೂರು ಸಂಗತಿಗಳನ್ನು ಕೇಳುವುದು ಜಾಣತನ. ಶಾಸಕಾಂಗ ಪಕ್ಷದ ಸಭೆಯಲ್ಲಿ ವಿಷಯ ಎತ್ತುವುದು, ಚರ್ಚೆಯಲ್ಲಿ ಮಾತಾಡುವುದು, ನಿರ್ದಿಷ್ಟ ಖಂಡಕ್ಕೆ ತಿದ್ದುಪಡಿ ಸೂಚಿಸುವುದು. ಪತ್ರದಲ್ಲಿ ಮಸೂದೆಯ ಹೆಸರು, ಖಂಡದ ಸಂಖ್ಯೆ, ಆ ಖಂಡದಿಂದ ಬರೆದವರ ಕಸುಬಿಗೆ ಅಥವಾ ಊರಿಗೆ ಆಗುವ ಪರಿಣಾಮ ಇರಬೇಕು. ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೋ ಜಂಟಿ ಸಮಿತಿಗೋ ಹೋದರೆ ಸಮಿತಿ ಸಾಮಾನ್ಯವಾಗಿ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯ ಕೇಳುತ್ತದೆ. ಆಗ ಸಮಿತಿಗೇ ಬರೆದು ಪ್ರತಿಯನ್ನು ಸಂಸದರಿಗೆ ಕಳಿಸುವುದು ಹೆಚ್ಚು ಫಲಕಾರಿ. ಮತದ ಮೇಲೆ ಪಕ್ಷದ ಹಿಡಿತ ಎಷ್ಟಿದ್ದರೂ ಸಮಿತಿಯ ಕೋಣೆಯಲ್ಲಿ ಅದು ಸ್ವಲ್ಪ ಸಡಿಲ.

ಪತ್ರ ತಲುಪಿಸಲು ಖುದ್ದಾಗಿ ಹೋಗುವುದೇ ಉತ್ತಮ. ಕ್ಷೇತ್ರದ ಕಚೇರಿಯಲ್ಲಿ ಕೊಟ್ಟು, ತಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕದ ಸ್ವೀಕೃತಿ ಪಡೆಯಬೇಕು. ದೂರದವರಿಗೆ ಸ್ಪೀಡ್ ಪೋಸ್ಟ್ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುವುದು ನೆನಪಿಸಲು ಸರಿ, ಅರ್ಜಿಯಾಗಿ ಅದಕ್ಕೆ ಬೆಲೆ ಕಡಿಮೆ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ಶಾಸಕರ ಕೈಗೆ ತುರುಕಿದ ಕಾಗದ ಯಾರ ಜೇಬಿನಲ್ಲಿ ಉಳಿಯಿತೆಂದು ಹೇಳಲು ಬರುವುದಿಲ್ಲ. ಅದೇ ಪತ್ರದ ಪ್ರತಿಯನ್ನು ಸಂಬಂಧಪಟ್ಟ ಅಧಿಕಾರಿಗೂ ಸಲ್ಲಿಸಿ, ಹಾಗೆ ಸಲ್ಲಿಸಿದ್ದನ್ನು ಪತ್ರದ ಕೊನೆಯಲ್ಲಿ ನಮೂದಿಸುವುದು ಒಳ್ಳೆಯದು.

ತಿಂಗಳೊಳಗೆ ಉತ್ತರ ಬಾರದಿದ್ದರೆ ಮೊದಲ ಪತ್ರದ ದಿನಾಂಕವನ್ನು ಉಲ್ಲೇಖಿಸಿ ಎರಡು ಸಾಲಿನ ಜ್ಞಾಪನ ಪತ್ರ ಸಾಕು, ದೂರು ಬೇಡ. ಶಾಸಕರ ಶಿಫಾರಸು ಇಲಾಖೆಗೆ ಹೋಗಿದೆ ಎಂದು ತಿಳಿದರೆ ಅದರ ಪತ್ರ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಇಲಾಖೆಯಲ್ಲಿ ವಿಷಯ ನಿರ್ವಾಹಕರು ಕಡತ ಹುಡುಕುವುದು ಆ ಸಂಖ್ಯೆಯಿಂದ. ಅಲ್ಲಿಯೂ ಮೌನವಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕದೊಂದಿಗೆ, ಆ ಶಿಫಾರಸಿನ ಮೇಲೆ ಕಚೇರಿಯಲ್ಲಿ ಬರೆದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಬಹುದು. ಕರ್ನಾಟಕದ ನಿಯಮದಂತೆ ಆ ಅರ್ಜಿಯೂ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಉತ್ತರಕ್ಕೆ 30 ದಿನಗಳ ಗಡುವು. ಬಂದ ಟಿಪ್ಪಣಿಯಲ್ಲಿ ಕೆಲಸ ಯಾವ ಕಾರಣಕ್ಕೆ ನಿಂತಿದೆ ಎಂಬುದು ತಿಳಿಯುತ್ತದೆ. ಅನುದಾನವಿಲ್ಲ, ಜಾಗ ಅರಣ್ಯ ಇಲಾಖೆಯದು, ಅಂದಾಜು ಪಟ್ಟಿ ತಯಾರಾಗಿಲ್ಲ ಎಂಬಂಥ ಕಾರಣಗಳು. ಆ ಹಾಳೆಗಳ ಪ್ರತಿಯನ್ನು ಲಗತ್ತಿಸಿ, ಆ ಒಂದು ತೊಡಕನ್ನೇ ವಿಷಯವಾಗಿಟ್ಟು ಶಾಸಕರಿಗೆ ಮುಂದಿನ ಪತ್ರ ಬರೆಯಬಹುದು. ಈ ಸಲ ಸದನದಲ್ಲಿ ಕೇಳಲು ಅವರ ಕೈಯಲ್ಲೂ ಒಂದು ನಿರ್ದಿಷ್ಟ ಪ್ರಶ್ನೆ ಇರುತ್ತದೆ.