ಮಕ್ಕಳಿಗೆ ಚೀಪುವ ನಿಪ್ಪಲ್ ಬಿಡಿಸುವ ಬಗ್ಗೆ ಪಾಲಕರಿಗೆ ಮಾಹಿತಿ

ಅಳುವ ಮಗುವನ್ನು ಸಮಾಧಾನಪಡಿಸುವ ಸಲುವಾಗಿ ಬಾಯಿಗೆ ಕೊಡುವ ರಬ್ಬರ್ ಅಥವಾ ಸಿಲಿಕೋನ್ ನಿಪ್ಪಲ್ ಇಂದು ಪಟ್ಟಣದ ಅಂಗಡಿಗಳಲ್ಲಿ ಮಾತ್ರವಲ್ಲದೆ ಜಾತ್ರೆ, ಸಂತೆಗಳಲ್ಲಿಯೂ ಮಾರಾಟವಾಗುತ್ತಿದೆ. ಅಂಗಡಿಯವರು ಇದನ್ನು ಪ್ಯಾಸಿಫೈಯರ್ ಅಥವಾ ಸೂದರ್ ಎಂದು ಕರೆದರೆ, ಮನೆಗಳಲ್ಲಿ ಬರಿದೇ ನಿಪ್ಪಲ್ ಎನ್ನುವುದು ವಾಡಿಕೆ. ಇದರಿಂದ ಮಗುವಿಗೆ ಹಾಲಾಗಲಿ ನೀರಾಗಲಿ ದೊರೆಯುವುದಿಲ್ಲ. ಚೀಪುವ ಸಮಾಧಾನ ಮಾತ್ರ ದೊರೆಯುತ್ತದೆ. ಇದನ್ನು ಅಭ್ಯಾಸ ಮಾಡಿಸುವುದು ಒಂದು ದಿನದ ಕೆಲಸ, ಬಿಡಿಸುವುದು ಹಲವು ವಾರಗಳ ಕೆಲಸ. ಒಂದೂವರೆ, ಎರಡು ವರ್ಷದ ಮಗುವು ಹಗಲೂ ರಾತ್ರಿಯೂ ನಿಪ್ಪಲ್ ಬಿಡದಿದ್ದಾಗ ಏನು ಮಾಡಬೇಕೆಂದು ತಿಳಿಯಬಯಸುವ ಪಾಲಕರ ಉಪಯೋಗಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಮೊದಲಿಗೆ ಒಂದು ಸ್ಪಷ್ಟೀಕರಣ

ಇಲ್ಲಿ ವಿವರಿಸಿರುವುದು ನಿಪ್ಪಲ್ ಬಿಡಿಸುವ ಕ್ರಮವೇ ಹೊರತು ತಾಯಿಯ ಹಾಲು ಬಿಡಿಸುವ ಕ್ರಮವಲ್ಲ. ಮಗುವಿಗೆ ಮೊದಲ 6 ತಿಂಗಳು ತಾಯಿಯ ಹಾಲನ್ನು ಮಾತ್ರ ನೀಡಬೇಕು. ತದನಂತರ ಪೂರಕ ಆಹಾರದೊಂದಿಗೆ 2 ವರ್ಷದವರೆಗೆ ಹಾಗೂ ತಾಯಿ ಮಗು ಇಬ್ಬರಿಗೂ ಒಪ್ಪಿಗೆಯಾದಲ್ಲಿ ಅದಕ್ಕೂ ಮುಂದೆ ಎದೆಹಾಲನ್ನು ಮುಂದುವರಿಸಬೇಕು. ಕೆಲವು ಮನೆಗಳಲ್ಲಿ "ಹೇಗೂ ಅಳುತ್ತದೆ, ಎರಡನ್ನೂ ಒಟ್ಟಿಗೇ ಬಿಡಿಸಿಬಿಡೋಣ" ಎಂದು ಹಿರಿಯರು ಹೇಳುವುದುಂಟು. ಇದು ಸರಿಯಲ್ಲ. ನಿಪ್ಪಲ್ ಕಳೆದುಕೊಂಡ ಮಗುವಿಗೆ ಆ ದಿನಗಳಲ್ಲಿ ತಾಯಿಯ ಮಡಿಲು ಎಂದಿಗಿಂತ ಹೆಚ್ಚು ಬೇಕಾಗುತ್ತದೆ.

ಬಿಡಿಸಬೇಕಾದ ಕಾರಣಗಳು

ಚೀಪುವುದು ಮಗುವಿಗೆ ಹುಟ್ಟಿನಿಂದಲೇ ಬಂದ ಗುಣ. ಗರ್ಭದಲ್ಲಿರುವಾಗಲೇ ಶಿಶುವು ಬೆರಳು ಚೀಪುವುದನ್ನು ಸ್ಕ್ಯಾನಿಂಗ್‌ನಲ್ಲಿ ಕಾಣಬಹುದಾಗಿದೆ. ಒಂದು ವರ್ಷದೊಳಗಿನ ಶಿಶುಗಳಲ್ಲಿ, ಮಲಗುವ ವೇಳೆ ನಿಪ್ಪಲ್ ಕೊಡುವುದಕ್ಕೂ ನಿದ್ರೆಯಲ್ಲಿ ಸಂಭವಿಸುವ ಹಠಾತ್ ಮರಣದ ಪ್ರಮಾಣ ಕಡಿಮೆಯಿರುವುದಕ್ಕೂ ಸಂಬಂಧವಿರುವುದಾಗಿ ಅಧ್ಯಯನಗಳಲ್ಲಿ ಕಂಡುಬಂದಿದೆ. ಇನ್ನೊಂದೆಡೆ, ನಿಪ್ಪಲ್‌ನಿಂದ ಎದೆಹಾಲು ಕುಡಿಯುವುದಕ್ಕೆ ಅಡ್ಡಿಯಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಎದೆಹಾಲುಣ್ಣುವ ಶಿಶುಗಳಿಗೆ ಅದನ್ನು ಕೊಡಲೇಬಾರದೆಂದು ಸೂಚಿಸಿದ್ದವು. 2018ರ ಪರಿಷ್ಕರಣೆಯಲ್ಲಿ, ಅದರ ಬಳಕೆ ಹಾಗೂ ಅಪಾಯಗಳ ಬಗ್ಗೆ ತಾಯಂದಿರಿಗೆ ತಿಳುವಳಿಕೆ ನೀಡಬೇಕೆಂದು ಬದಲಿಸಲಾಯಿತು. ಆದುದರಿಂದ ಈಗಾಗಲೇ ನಿಪ್ಪಲ್ ಕೊಟ್ಟಿರುವ ತಾಯಂದಿರು ತಪ್ಪಿತಸ್ಥ ಭಾವನೆ ತಾಳಬೇಕಾಗಿಲ್ಲ. ಆದರೆ ವರ್ಷ ತುಂಬಿದ ಮೇಲೆ ಲಾಭದ ಬಾಬು ಕಡಿಮೆಯಾಗಿ ನಷ್ಟದ ಬಾಬು ಬೆಳೆಯುತ್ತ ಹೋಗುತ್ತದೆ.

ಮೊದಲನೆಯದು ಕಿವಿ. ಗಂಟಲಿನ ಹಿಂಭಾಗವನ್ನೂ ನಡುಗಿವಿಯನ್ನೂ ಸೇರಿಸುವ ನಳಿಕೆಯು ಚಿಕ್ಕ ಮಕ್ಕಳಲ್ಲಿ ಗಿಡ್ಡವಾಗಿಯೂ ಹೆಚ್ಚುಕಡಿಮೆ ಅಡ್ಡವಾಗಿಯೂ ಇರುವುದರಿಂದ ಸೋಂಕು ಸುಲಭವಾಗಿ ತಲುಪುತ್ತದೆ. ಫಿನ್ಲೆಂಡ್ ದೇಶದಲ್ಲಿ ನಡೆಸಿ 2000ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದರಲ್ಲಿ, 6 ತಿಂಗಳ ನಂತರ ನಿಪ್ಪಲ್ ಬಳಕೆಯನ್ನು ನಿದ್ರೆ ಬರುವ ಹೊತ್ತಿಗೆ ಮಾತ್ರ ಸೀಮಿತಗೊಳಿಸುವಂತೆ ಪಾಲಕರಿಗೆ ಸಲಹೆ ನೀಡಿದ ಗುಂಪಿನ ಮಕ್ಕಳಲ್ಲಿ ನಡುಗಿವಿಯ ಸೋಂಕು ಶೇ. 29ರಷ್ಟು ಕಡಿಮೆಯಾಗಿತ್ತು. ಪೂರ್ಣವಾಗಿ ಬಿಡಿಸದೆ ಕೇವಲ ಹಗಲಿನ ಬಳಕೆಯನ್ನು ತಗ್ಗಿಸಿದ್ದರಿಂದಲೇ ಈ ಪ್ರಯೋಜನ ದೊರೆತದ್ದು ಗಮನಾರ್ಹ.

ಎರಡನೆಯದು ಹಲ್ಲು. ಸುಮಾರು 3 ವರ್ಷದ ಹೊತ್ತಿಗೆ 20 ಹಾಲುಹಲ್ಲುಗಳೂ ಬಂದಿರುತ್ತವೆ. ನಿರಂತರವಾಗಿ ಚೀಪುವ ಮಗುವಿನಲ್ಲಿ ಮೇಲಿನ ಮುಂಹಲ್ಲುಗಳು ಮುಂದಕ್ಕೆ ಬಾಗಿ, ಬಾಯಿ ಮುಚ್ಚಿದಾಗಲೂ ಮೇಲಿನ ಹಾಗೂ ಕೆಳಗಿನ ಹಲ್ಲುಗಳ ನಡುವೆ ಸಂದು ಉಳಿಯುತ್ತದೆ. 3 ವರ್ಷದೊಳಗೆ ಅಭ್ಯಾಸ ನಿಂತಲ್ಲಿ ಈ ಸಂದು ಬಹುಮಟ್ಟಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ತಡವಾದಷ್ಟೂ ಆ ಸಾಧ್ಯತೆ ಕಡಿಮೆ. ಅಂಗುಳ ಕಿರಿದಾಗಿ ದವಡೆಯ ಹಲ್ಲುಗಳ ಹೊಂದಾಣಿಕೆಯೂ ಕೆಡಬಹುದು.

ಮೂರನೆಯದು ಮಾತು. ಒಂದರಿಂದ ಎರಡು ವರ್ಷದ ಮಗುವು ದಿನಕ್ಕೆ 11ರಿಂದ 14 ಗಂಟೆ ನಿದ್ರಿಸುತ್ತದೆ. 12 ಗಂಟೆ ನಿದ್ರೆಯೆಂದು ಹಿಡಿದರೆ ಮಾತು ಕಲಿಯಲು ಉಳಿಯುವುದು 12 ಗಂಟೆ. ಅದರಲ್ಲಿ 4 ಗಂಟೆ ಬಾಯಲ್ಲಿ ನಿಪ್ಪಲ್ ಇದ್ದರೆ ಕಲಿಯುವ ವೇಳೆಯ ಮೂರನೆಯ ಒಂದು ಪಾಲು ಬಾಯಿ ಮುಚ್ಚಿಯೇ ಕಳೆಯಿತೆಂದು ಲೆಕ್ಕ. ನಿಪ್ಪಲ್ ಚೀಪಿದ ಮಕ್ಕಳೆಲ್ಲರ ಮಾತು ತಡವಾಗುತ್ತದೆ ಎಂದು ಇದರ ಅರ್ಥವಲ್ಲ. ಹಗಲಿನ ಬಳಕೆಯನ್ನು ಮೊದಲು ನಿಲ್ಲಿಸುವುದು ಲೇಸು ಎಂದಷ್ಟೇ ತಿಳಿಯತಕ್ಕದ್ದು.

ಬಿಡಿಸುವ ಕ್ರಮ

ವರ್ಷ ತುಂಬಿದ ನಂತರ ಆರಂಭಿಸಿ 3 ವರ್ಷದೊಳಗೆ ಪೂರ್ಣಗೊಳಿಸುವುದು ಉತ್ತಮ. ಮಗುವಿಗೆ ಜ್ವರವಿರುವಾಗ, ಮನೆಗೆ ಹೊಸ ಶಿಶು ಬಂದಿರುವಾಗ, ಬಾಡಿಗೆ ಮನೆ ಬದಲಿಸುವಾಗ ಅಥವಾ ತಾಯಿಯು ಮರಳಿ ಕೆಲಸಕ್ಕೆ ಹೋಗಲು ಆರಂಭಿಸಿದ ವಾರದಲ್ಲಿ ಇದಕ್ಕೆ ಕೈಹಾಕಬಾರದು.

ಮೊದಲ ಹಂತದಲ್ಲಿ ನಿಪ್ಪಲ್‌ಗೆ ಒಂದು ಸ್ಥಳವನ್ನು ನಿಗದಿಪಡಿಸಬೇಕು. ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು, ಹಾಸಿಗೆಯ ಮೇಲೆ ಮಾತ್ರ ಚೀಪಬಹುದು, ಅಂಗಳಕ್ಕೆ ಬರುವಾಗ ಡಬ್ಬಿಗೆ ಹಾಕಬೇಕು ಎಂಬ ನಿಯಮ ಮಾಡಿದಲ್ಲಿ ಆಟದ ಆಸೆಯಿರುವ ಮಗು ತಾನಾಗಿಯೇ ಡಬ್ಬಿಗೆ ಹಾಕಿ ಹೊರಬರುತ್ತದೆ. ಇದಕ್ಕೆ ಒಂದೆರಡು ವಾರ ಹಿಡಿಯಬಹುದು. ತದನಂತರ ಮಧ್ಯಾಹ್ನದ ನಿದ್ರೆಗೆ ನಿಪ್ಪಲ್ ತಪ್ಪಿಸಬೇಕು. ರಾತ್ರಿಯದು ಕಟ್ಟಕಡೆಗೆ.

ರಾತ್ರಿಯ ಹಂತವೇ ನಿಜವಾದ ಕಷ್ಟ. ಮಗುವು ನಿದ್ರೆಗೆ ಜಾರಲು ನಿಪ್ಪಲ್ ಒಂದನ್ನೇ ದಾರಿಯಾಗಿ ಕಲಿತಿರುತ್ತದೆ. ಆ ದಾರಿಯನ್ನು ಮುಚ್ಚುವ ಮುನ್ನ ಇನ್ನೊಂದನ್ನು ತೆರೆದಿರಬೇಕು. ಆದುದರಿಂದ ಒಂದು ವಾರ ಮುಂಚಿತವಾಗಿಯೇ ಬೆನ್ನು ತಟ್ಟುವುದು, ಜೋಗುಳ, ಒಂದು ಚಿಕ್ಕ ಕಥೆ, ತಾಯಿಯ ಹಳೆಯ ಹತ್ತಿ ಸೀರೆಯ ತುಂಡು ಅಥವಾ ಅದರಿಂದ ಹೊಲಿದ ಪುಟ್ಟ ಕೌದಿ, ಇವುಗಳಲ್ಲಿ ಮಗುವಿಗೆ ಹಿಡಿಸಿದ್ದನ್ನು ನಿಪ್ಪಲ್ ಜೊತೆಯಲ್ಲೇ ರೂಢಿಸಬೇಕು. ನಿಪ್ಪಲ್ ತೆಗೆದ ರಾತ್ರಿ ಉಳಿದದ್ದೆಲ್ಲವೂ ಹಿಂದಿನಂತೆಯೇ ಇರುತ್ತದೆ. ಸಾಮಾನ್ಯವಾಗಿ ಮೊದಲ ಎರಡು ಮೂರು ರಾತ್ರಿ ಮಗು ಬಹಳ ಅಳುತ್ತದೆ. ಅಳುವ ಮಗುವನ್ನು ಎತ್ತಿಕೊಳ್ಳಬಾರದೆಂದು ಯಾರೂ ತಿಳಿಯಬೇಕಾಗಿಲ್ಲ. ಎತ್ತಿಕೊಳ್ಳಬಹುದು, ನೀರು ಕುಡಿಸಬಹುದು, ಹೆಗಲ ಮೇಲೆ ಹಾಕಿಕೊಂಡು ಓಡಾಡಬಹುದು. ನಿಪ್ಪಲ್ ಮಾತ್ರ ಕೊಡಬಾರದು.

ಮನೆಯವರೆಲ್ಲರೂ ಒಂದೇ ಮಾತಿಗೆ ನಿಲ್ಲುವುದು ಅತ್ಯವಶ್ಯ. ಬಹಳಷ್ಟು ಪ್ರಯತ್ನಗಳು ಮುರಿಯುವುದು ಎರಡನೆಯ ರಾತ್ರಿ, ಅಜ್ಜನಿಗೋ ಅಜ್ಜಿಗೋ ಮೊಮ್ಮಗುವಿನ ಅಳು ಸಹಿಸಲಾಗದೆ ಡಬ್ಬಿಯ ಮುಚ್ಚಳ ತೆರೆದಾಗ. ಅದು ಮಮತೆಯಿಂದಲೇ ಆದ ಕೆಲಸವಾದರೂ, ಹೆಚ್ಚು ಅತ್ತರೆ ದೊರೆಯುತ್ತದೆ ಎಂಬುದನ್ನು ಮಗು ಅಂದು ಕಲಿಯುತ್ತದೆ. ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯೇ ಆಗಿದ್ದಲ್ಲಿ, ಆರಂಭಿಸುವ ದಿನವನ್ನು ಅವರನ್ನೇ ಕೇಳಿ ನಿಗದಿಪಡಿಸುವುದು ಯುಕ್ತ.

ಎರಡೂವರೆ ವರ್ಷ ಮೀರಿದ ಮಗುವಿಗೆ ಮುಂಚಿತವಾಗಿ ಹೇಳಿದರೆ ಅರ್ಥವಾಗುತ್ತದೆ. ಡೆನ್ಮಾರ್ಕ್ ದೇಶದಲ್ಲಿ ಮಕ್ಕಳು ತಮ್ಮ ನಿಪ್ಪಲ್‌ಗಳನ್ನು ಉದ್ಯಾನದ ಮರವೊಂದಕ್ಕೆ ಕಟ್ಟಿ ಬೀಳ್ಕೊಡುವ ಪದ್ಧತಿಯಿದೆ. ಫ್ರೆಡೆರಿಕ್ಸ್‌ಬರ್ಗ್ ಉದ್ಯಾನದ ಅಂತಹ ಮರವು ಪ್ರಸಿದ್ಧವಾಗಿದೆ. ಇಲ್ಲಿ ಹಿತ್ತಲಿನ ನುಗ್ಗೆ ಮರವೂ ಸಾಕು, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟಿದರಾಯಿತು. ಮಗುವು ತನ್ನ ಕೈಯಾರೆ ಕೊಟ್ಟದ್ದನ್ನು ಮರಳಿ ಕೇಳುವಾಗ, ಕದ್ದೊಯ್ದದ್ದನ್ನು ಕೇಳುವಷ್ಟು ಹಟ ಮಾಡುವುದಿಲ್ಲ.

ಮಾಡಬಾರದ ಕೆಲಸಗಳು

ನಿಪ್ಪಲ್‌ಗೆ ಬೇವಿನ ರಸ, ಮೆಣಸಿನ ಪುಡಿ ಇತ್ಯಾದಿ ಹಚ್ಚುವ ಹಳೆಯ ಉಪಾಯವನ್ನು ಅನುಸರಿಸಬಾರದು. ಖಾರವು ಕೈಯಿಂದ ಕಣ್ಣಿಗೆ ಹೋಗುವ ಅಪಾಯವಿರುವುದಲ್ಲದೆ, ಸಮಾಧಾನಕ್ಕೆಂದು ಬಾಯಿಗಿಟ್ಟದ್ದೇ ಉರಿಯತೊಡಗಿದರೆ ಮಗು ಹೆದರುತ್ತದೆ. ತುದಿಯನ್ನು ಕತ್ತರಿಸಿ ಕೊಡುವಂತೆ ಕೆಲವರು ಸಲಹೆ ನೀಡುವುದುಂಟು. ಕತ್ತರಿಸಿದ ರಬ್ಬರ್ ಚೂರು ಕಿತ್ತುಬಂದು ಗಂಟಲಿಗೆ ಸಿಲುಕಬಹುದಾದ್ದರಿಂದ ಇದು ಪ್ರಾಣಾಪಾಯಕಾರಿ. ಕಪ್ಪು ದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟುವುದೂ ಹಾಗೆಯೇ. ಸಕ್ಕರೆ, ಬೆಲ್ಲ, ಜೇನುತುಪ್ಪದಲ್ಲಿ ಅದ್ದಿ ಕೊಡುವುದರಿಂದ ಹಲ್ಲು ಹುಳುಕಾಗುತ್ತದೆ. ವರ್ಷದೊಳಗಿನ ಶಿಶುವಿಗೆ ಜೇನುತುಪ್ಪವನ್ನು ಯಾವ ರೂಪದಲ್ಲಿಯೂ ಕೊಡಬಾರದು.

ನೆಂಟರ ಮುಂದೆ ಮಗುವನ್ನು ಹಂಗಿಸುವುದು, ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವುದು ಬೇಡ. ನಿಪ್ಪಲ್ ಬದಲಿಗೆ ಮೊಬೈಲ್ ಕೈಗಿಡುವುದು ಒಂದು ಅಭ್ಯಾಸವನ್ನು ಬಿಡಿಸಿ ಇನ್ನೊಂದನ್ನು ಹಿಡಿಸಿದಂತೆ. ಒಂದು ವರ್ಷದ ಮಗುವಿಗೆ ಟಿ.ವಿ., ಮೊಬೈಲ್ ವೀಕ್ಷಣೆ ಬೇಡವೆಂದೂ, 2 ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ.

ಕೆಲವು ಮಕ್ಕಳು ನಿಪ್ಪಲ್ ಬಿಟ್ಟು ಹೆಬ್ಬೆರಳು ಚೀಪಲು ಆರಂಭಿಸಬಹುದು. ಗದರಿಸದೆ ಕೈಗೆ ಆಟಿಕೆ ಕೊಟ್ಟು ಗಮನ ತಿರುಗಿಸಿದಲ್ಲಿ ಬಹುಪಾಲು ಮಕ್ಕಳು 2ರಿಂದ 4 ವರ್ಷದೊಳಗೆ ಅದನ್ನೂ ಬಿಡುತ್ತಾರೆ.

ಖರೀದಿಯ ಬಗ್ಗೆ

ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳಿಗೆ ಸಂಬಂಧಿಸಿದ 1992ರ ಕೇಂದ್ರ ಕಾಯ್ದೆಯು, 2003ರ ತಿದ್ದುಪಡಿಯೊಂದಿಗೆ, ಈ ವಸ್ತುಗಳ ಜಾಹೀರಾತನ್ನೂ ಉಚಿತ ಹಂಚಿಕೆಯನ್ನೂ ನಿಷೇಧಿಸಿದೆ. ಬಾಟಲಿಯೂ ಅದಕ್ಕೆ ಜೋಡಿಸಬಹುದಾದ ನಿಪ್ಪಲ್ ಕೂಡ ಕಾಯ್ದೆಯ ವ್ಯಾಖ್ಯೆಯಲ್ಲಿ ಸೇರಿವೆ. ಬಾಟಲಿಗೆ ಜೋಡಿಸಲಾಗದ, ಬರಿದೇ ಚೀಪುವ ನಿಪ್ಪಲ್ಲನ್ನು ಅಲ್ಲಿ ಹೆಸರಿಸಿಲ್ಲ. ಆದುದರಿಂದ ಅಂಗಡಿಯಲ್ಲಿ ತೂಗುಹಾಕಿದ್ದೆಲ್ಲವೂ ಸುರಕ್ಷಿತವೆಂದು ಭಾವಿಸದೆ, ಪೂರ್ಣವಾಗಿ ಬಿಡಿಸುವವರೆಗೆ ಬಳಸುವ ನಿಪ್ಪಲ್ ಒಂದೇ ತುಂಡಿನದಾಗಿರುವುದನ್ನೂ ಬಿರುಕಿಲ್ಲದಿರುವುದನ್ನೂ ಪಾಲಕರೇ ಎಳೆದು ಪರೀಕ್ಷಿಸಿಕೊಳ್ಳಬೇಕು. ನೆಲಕ್ಕೆ ಬಿದ್ದುದನ್ನು ದೊಡ್ಡವರು ಚೀಪಿ ಸ್ವಚ್ಛಗೊಳಿಸಿ ಕೊಡಬಾರದು, ತೊಳೆದೇ ಕೊಡಬೇಕು.

ತಪಾಸಣೆ ಸೌಲಭ್ಯ

ಮಗುವಿನ ಕಿವಿ ಸೋರುತ್ತಿದ್ದಲ್ಲಿ, ಕರೆದಾಗ ತಿರುಗಿ ನೋಡದಿದ್ದಲ್ಲಿ, ಒಂದೂವರೆ ವರ್ಷವಾದರೂ ಅರ್ಥವುಳ್ಳ ಒಂದು ಪದವನ್ನೂ ಆಡದಿದ್ದಲ್ಲಿ ಅಥವಾ 2 ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಎಂಬಂತೆ ಎರಡು ಪದ ಸೇರಿಸಿ ಹೇಳದಿದ್ದಲ್ಲಿ, ನಿಪ್ಪಲ್ ಬಿಟ್ಟ ಮೇಲೆ ಸರಿಹೋದೀತೆಂದು ಕಾಯದೆ ವೈದ್ಯರಿಗೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ವೈದ್ಯಕೀಯ ತಂಡವು ತಪಾಸಣೆ ಮಾಡುವ ವ್ಯವಸ್ಥೆಯಿದ್ದು, ನಡುಗಿವಿಯ ಸೋಂಕು, ಹಲ್ಲಿನ ತೊಂದರೆ, ಮಾತಿನ ವಿಳಂಬ ಇವು ಮೂರೂ ಅದರ ವ್ಯಾಪ್ತಿಯಲ್ಲಿವೆ. ಈ ತಪಾಸಣೆ ಉಚಿತ. ತಂಡವು ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಬಹುದು. ಬರುವಾಗ ತಾಯಿ ಕಾರ್ಡ್ ತಂದಲ್ಲಿ ಮಗುವಿನ ಹಿಂದಿನ ವಿವರ ನೋಡಲು ಅನುಕೂಲವಾಗುತ್ತದೆ. ಶ್ರವಣ ಹಾಗೂ ಮಾತಿನ ತೊಂದರೆಗಳ ವಿಶೇಷ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

3 ವರ್ಷ ತುಂಬಿದ ಮಗುವು ಇನ್ನೂ ನಿಪ್ಪಲ್ ಬಿಟ್ಟಿಲ್ಲವೆಂಬ ಸಂಕೋಚದಿಂದ ಅಂಗನವಾಡಿಯ ಶಾಲಾಪೂರ್ವ ಶಿಕ್ಷಣಕ್ಕೆ ಸೇರಿಸುವುದನ್ನು ಮುಂದೂಡಬೇಕಾಗಿಲ್ಲ. ಸೇರಿಸುವ ದಿನವೇ ವಿಷಯವನ್ನು ಕಾರ್ಯಕರ್ತೆಗೆ ತಿಳಿಸಿ, ನಿಪ್ಪಲ್ ಡಬ್ಬಿಯನ್ನು ಮನೆಯಲ್ಲಿಯೇ ಬಿಟ್ಟು ಬರತಕ್ಕದ್ದು.